ನಾನು ನೋಡದ ಊರಿನ ಬಾವಡಿ

ಇಂಥ ಸಂಗತಿಗಳನ್ನು ಹೇಳುವವರ ಎದುರು ನಾನು ಗಂಭೀರವಾಗಿ ಕುಳಿತು ಕೇಳುತ್ತಿದ್ದೆ, ಮನೆಗೆ ಬಂದ ಮೇಲೆ ನಗುತ್ತಿದ್ದೆ. ಕನಸಿನಲ್ಲಿ ಕಂಡದ್ದು ಮರುದಿನ ನಡೆಯಿತು, ಸತ್ತವರು ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆದರು ಎಂಬ ಮಾತುಗಳಿಗೆಲ್ಲ ನನ್ನ ಹತ್ತಿರ ಒಂದೇ ಉತ್ತರವಿತ್ತು: ಏನಾದರೂ ನಡೆದ ಮೇಲೆ ನೆನಪು ಹಿಂದಕ್ಕೆ ಹೋಗಿ ತನ್ನನ್ನು ತಿದ್ದಿಕೊಳ್ಳುತ್ತದೆ. ನಾನು ಓದಿದ್ದು ಇತಿಹಾಸ, ಕಾಲೇಜಿನಲ್ಲಿ ಕಲಿಸುವುದೂ ಅದನ್ನೇ. ಒಬ್ಬರೇ ಸಾಕ್ಷಿ ಇದ್ದರೆ ನಂಬಬೇಡಿ, ಆ ಸಾಕ್ಷಿ ನೀವೇ ಆಗಿದ್ದರಂತೂ ಇನ್ನಷ್ಟು ಎಚ್ಚರವಾಗಿರಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದವಳು.

ಈಗಲೂ ನಾನು ನಂಬುವವರ ಗುಂಪಿಗೆ ಸೇರಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಮುಂಬಯಿಯ ಪರೇಲಿನ ಒಂದು ಆಸ್ಪತ್ರೆಯಲ್ಲಿ ಕಳೆದ ಒಂದು ಮಧ್ಯಾಹ್ನ ಮಾತ್ರ ನನ್ನ ಆ ಉತ್ತರಕ್ಕೆ ಸಿಕ್ಕುತ್ತಿಲ್ಲ. ಇದನ್ನು ನಾಲ್ಕಾರು ಜನರಿಗೆ ಹೇಳಿದ್ದೇನೆ. ಪ್ರತಿ ಸಲ ಹೇಳುವಾಗಲೂ ಕತೆ ಸ್ವಲ್ಪ ನುಣುಪಾಗುತ್ತಿದೆ ಅನ್ನಿಸಿ ಹೆದರಿಕೆಯಾಯಿತು. ಪೂರ್ತಿ ಕತೆಯೇ ಆಗುವ ಮೊದಲು ಬರೆದಿಡುತ್ತಿದ್ದೇನೆ. ನನಗೆ ಅನುಮಾನವಿರುವ ಕಡೆ ಅನುಮಾನವೆಂದೇ ಹೇಳುತ್ತೇನೆ. ಓದುವವರು ನನಗಿಂತ ಚೆನ್ನಾಗಿ ಬಿಡಿಸಬಲ್ಲರೋ ಏನೋ.

ಮುಂಬಯಿಯಲ್ಲಿ ಇಬ್ಬರು ಕನ್ನಡಿಗರು ಭೇಟಿಯಾದರೆ ಹೆಸರಿಗಿಂತ ಮೊದಲು ‘ಯಾವೂರು?’ ಎಂದು ಕೇಳಿಕೊಳ್ಳುತ್ತೇವೆ. ಇಲ್ಲೇ ಹುಟ್ಟಿ ಬೆಳೆದವರು ಕೂಡ ವಡಾಲ ಎಂದೋ ಗೋರೆಗಾಂವ್ ಎಂದೋ ಹೇಳುವುದಿಲ್ಲ. ಅಪ್ಪನ ಊರನ್ನೋ ಅಜ್ಜನ ಊರನ್ನೋ ಹೇಳುತ್ತೇವೆ, ನಿನ್ನೆ ತಾನೇ ಅಲ್ಲಿಂದ ಬಸ್ಸು ಹತ್ತಿ ಬಂದ ಹಾಗೆ. ನಾನೂ ಹಾಗೇ ಹೇಳುತ್ತಿದ್ದೆ. ವಿಜಯಪುರ ಜಿಲ್ಲೆಯ, ಡೋಣಿ ಹೊಳೆಯ ಕಡೆಯ ಒಂದು ಸಣ್ಣ ಊರು ಅದು. ಅಲ್ಲಿಯವರು ಓದಿದರೆ ಮುಂದೆ ಬರುವ ಮನೆತನದ ಗುರುತು ಹಿಡಿದಾರು, ಅದಕ್ಕೆ ಊರಿನ ಹೆಸರು ಬರೆಯುವುದಿಲ್ಲ. ನಾನು ಆ ಊರನ್ನು ನೋಡಿಲ್ಲ. ಅಪ್ಪ ಹುಡುಗನಾಗಿದ್ದಾಗಲೇ ಬಿಟ್ಟು ಬಂದವರು. ಬಂದರಿನ ಕಚೇರಿಯಲ್ಲಿ ಗುಮಾಸ್ತರಾದರು. ಅಣ್ಣತಮ್ಮಂದಿರ ಜೊತೆ ಏನೋ ಮುನಿಸು, ತಿರುಗಿ ಹೋಗಲಿಲ್ಲ, ನಮ್ಮನ್ನೂ ಕರೆದುಕೊಂಡು ಹೋಗಲಿಲ್ಲ.

ಹೋಗಲಿಲ್ಲವೆಂದು ಊರಿನ ಮಾತು ಬಿಡಲಿಲ್ಲ. ವಡಾಲದ ಕ್ವಾರ್ಟರ್ಸಿನಲ್ಲಿ ಮಳೆಗಾಲದ ಸಂಜೆ ಒದ್ದೆ ಬಟ್ಟೆಗಳ ಕೆಳಗೆ ಕುಳಿತು ಊರನ್ನು ಹೇಳುತ್ತಿದ್ದರು. ಶಾಲೆಯ ಭೂಗೋಳ ಪುಸ್ತಕದ ಹಾಗೆ ಯಾವಾಗಲೂ ಒಂದೇ ಕ್ರಮ. ಮೊದಲು ಹವೆ, ಆಮೇಲೆ ಇತಿಹಾಸ, ಕೊನೆಗೆ ಸುತ್ತಮುತ್ತ ನೋಡತಕ್ಕ ಜಾಗಗಳು. ಹೇಳಿ ಮುಗಿಸಿದ ಮೇಲೆ ಊಟಕ್ಕೆ ಏಳುತ್ತಿದ್ದರು. ಅವರು ತೀರಿಕೊಂಡ ಮೇಲೆ ‘ನಮ್ಮೂರು’ ಎಂಬ ಮಾತು ನನಗೆ ಆಸ್ತಿಯ ಹಾಗೆ ಬಂತು. ನೋಡದ ಊರನ್ನು ನಮ್ಮೂರು ಅನ್ನುವುದರಲ್ಲಿ ತಪ್ಪಿದೆ ಎಂದು ನಮ್ಮಲ್ಲಿ ಯಾರಿಗೂ ಅನ್ನಿಸುವುದಿಲ್ಲ.

ಪರೇಲಿನ ಆ ಆಸ್ಪತ್ರೆಯ ಎದುರಿನ ಗಲ್ಲಿಯಲ್ಲಿ ಶೇಖರಣ್ಣನ ಹೋಟೆಲ್ಲಿದೆ. ಅವರು ಉಡುಪಿ ಕಡೆಯವರು. ಕರ್ನಾಟಕದಿಂದ ಚಿಕಿತ್ಸೆಗೆ ಬರುವವರು ಕನ್ನಡ ಬೋರ್ಡು ನೋಡಿ ಅವರ ಹೋಟೆಲ್ಲಿಗೇ ಹೋಗುತ್ತಾರೆ. ಹಿಂದಿ, ಮರಾಠಿ ಬಾರದವರ ಜೊತೆಗಿದ್ದು ಡಾಕ್ಟರ ಮಾತನ್ನು ಅವರಿಗೆ, ಅವರ ಮಾತನ್ನು ಡಾಕ್ಟರಿಗೆ ಮುಟ್ಟಿಸಲು ಶೇಖರಣ್ಣ ನಮ್ಮಂಥ ಕೆಲವರನ್ನು ಗೊತ್ತುಮಾಡಿಕೊಂಡಿದ್ದರು. ಆ ಏಪ್ರಿಲ್ಲಿನಲ್ಲಿ ಅವರದೇ ಫೋನು ಬಂತು.

“ಟೀಚರೇ, ನಾಳೆ ಬರ್ಲಿಕ್ಕೆ ಆಗ್ತದಾ? ವಿಜಾಪುರದ ಕಡೆಯ ಒಂದು ಹೆಂಗಸು. ಗಂಡನಿಗೆ ಹಾರ್ಟಿನ ಆಪರೇಷನ್. ಅವರು ಮಾತಾಡುದು ಕನ್ನಡವೇ. ಆದ್ರೆ ನನಗೆ ಅವರದ್ದು ಅರ್ಧ ತಿಳಿಯುದಿಲ್ಲ, ಅವರಿಗೆ ನನ್ನದು ಪೂರಾ ತಿಳಿಯುದಿಲ್ಲ. ಡಾಕ್ಟರ ವಿಷಯ ಆಮೇಲೆ, ಮೊದಲು ನನಗೇ ಒಬ್ಬರು ದುಭಾಷಿ ಬೇಕು ಮಾರಾಯ್ರೆ.”

ಆಕೆಯ ಹೆಸರು ಕಸ್ತೂರೆವ್ವ. ಮೂವತ್ತರ ಆಚೀಚೆ. ಗಂಡ ಗೋಡೆ ಕಟ್ಟುವ ಗೌಂಡಿ ಕೆಲಸದವನು. ನಾನು ತಲುಪಿದಾಗ ಅವನನ್ನು ಆಗಲೇ ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗಿದ್ದರು. ಹೊರಗಿನ ಹಾಲಿನಲ್ಲಿ ಕುರ್ಚಿಗಳ ಸಾಲು, ಮೈ ಕೊರೆಯುವ ಏಸಿ. ಆಕೆ ಸೆರಗನ್ನು ಕಿವಿಯವರೆಗೆ ಎಳೆದುಕೊಂಡು ಕುಳಿತಿದ್ದಳು. ನಾನು ಪದ್ಧತಿಯ ಪ್ರಕಾರ ಯಾವೂರು ಎಂದು ಕೇಳಿದೆ. ಹೇಳಿದಳು. ಅಪ್ಪನ ಊರು. ನಮ್ಮೂರೂ ಅದೇ ಎಂದೆ. ಆಕೆ ನನ್ನ ಕೈ ಹಿಡಿದುಕೊಂಡು ಅತ್ತಳು. ಈ ಪಟ್ಟಣದಲ್ಲಿ ತನ್ನೂರಿನ ಒಂದು ಜೀವ ಸಿಕ್ಕಿತೆಂದು ಆಕೆಯ ಲೆಕ್ಕ. ನಾನು ಅಲ್ಲಿಗೆ ಕಾಲಿಟ್ಟವಳೇ ಅಲ್ಲ ಎಂದು ಆಗ ಬಿಡಿಸಿ ಹೇಳಲು ಮನಸ್ಸು ಬರಲಿಲ್ಲ.

ಎಂಟು ವರ್ಷದ ಮಗಳು ಭಾಗ್ಯಳನ್ನು ಊರಿನಲ್ಲಿ ಮೈದುನ ಬಸವರಾಜನ ಮನೆಯಲ್ಲಿ ಬಿಟ್ಟು ಬಂದಿರುವುದಾಗಿ ಹೇಳಿದಳು. ಶೇಖರಣ್ಣ ಕಳಿಸಿದ ಇಡ್ಲಿಯನ್ನು ಮುಟ್ಟಿರಲಿಲ್ಲ. ಪ್ರತಿ ಸಲ ಒಳಗಿನ ಬಾಗಿಲು ತೆರೆದಾಗಲೂ ಎದ್ದು ನಿಲ್ಲುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ನನ್ನ ಕಡೆ ತಿರುಗಿ, “ಅಕ್ಕಾರ, ಏನರ ಮಾತಾಡ್ರಿ. ಊರ ಸುದ್ದಿ ಹೇಳ್ರಿ. ನಾ ಕಣ್ ಮುಚ್ಚಿ ಕೇಳ್ತೀನಿ,” ಎಂದಳು.

ನನಗೆ ಗೊತ್ತಿದ್ದದ್ದು ಅಪ್ಪ ಹೇಳಿದ ಊರು. ಅದೇ ಕ್ರಮದಲ್ಲಿ ಶುರುಮಾಡಿದೆ. ಮೊದಲು ಹವೆ. ಚೈತ್ರ ಬಂತೆಂದರೆ ಎರೆಹೊಲ ಬಾಯಿಬಿಟ್ಟು ಬಿರಿಯುವುದು, ಆ ಬಿರುಕಿನಲ್ಲಿ ಮಕ್ಕಳ ಕೈ ಮೊಣಕೈವರೆಗೆ ಇಳಿಯುವುದು. ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಲಗುವುದು, ಬೀದಿಯಲ್ಲಿ ಸುಳಿಗಾಳಿಯೊಂದೇ ತಿರುಗುವುದು. ಆಷಾಢದ ಗಾಳಿಗೆ ತಗಡು ಹಾರುವುದು. ಮಳೆಯನ್ನು ನಂಬಬಹುದಾದದ್ದು ಹಿಂಗಾರಿನಲ್ಲಿ ಮಾತ್ರ. ಚಳಿಗಾಲದಲ್ಲಿ ಹಸಿ ಜೋಳದ ತೆನೆ ಸುಟ್ಟು, ಉಜ್ಜಿ, ಬೆಲ್ಲದ ಜೊತೆ ತಿನ್ನುವ ಸೀತನಿ. ಕಸ್ತೂರೆವ್ವ ಕಣ್ಣು ಮುಚ್ಚಿದ್ದಳು. ಉಸಿರು ನಿಧಾನವಾಗಿತ್ತು.

ಆಮೇಲೆ ಇತಿಹಾಸ. ಊರ ಹೊರಗೆ ಹೊಲದ ನಡುವೆ ಚಾಲುಕ್ಯರ ಕಾಲದ್ದೆನ್ನುವ ಕರಿಕಲ್ಲಿನ ಗುಡಿ. ಅಪ್ಪನ ಕಾಲದಲ್ಲಿ ಅದರೊಳಗೆ ದನಗಳಿಗೆ ಜೋಳದ ಕಣಿಕೆ ಒಟ್ಟುತ್ತಿದ್ದರಂತೆ. ಊರ ನಡುವೆ ಮಣ್ಣು ಕಲ್ಲಿನ ಕಾವಲು ಬುರುಜು. ಆದಿಲಶಾಹಿ ಸರದಾರನೊಬ್ಬ ಆ ದಾರಿಯಲ್ಲಿ ದಂಡು ಇಳಿಸಿದಾಗ ನೀರಿಲ್ಲದೆ ಕುದುರೆಗಳು ಸತ್ತವೆಂದು ಮೆಟ್ಟಿಲು ಬಾವಿ ಕಟ್ಟಿಸಿದನಂತೆ. ಅಲ್ಲಿಯವರು ಅದಕ್ಕೆ ಬಾವಡಿ ಅನ್ನುತ್ತಾರೆ. ಇಷ್ಟರವರೆಗೆ ನಾನು ಅಪ್ಪನ ಮಾತನ್ನೇ ಹೇಳಿದೆ, ಅಥವಾ ಹಾಗೆಂದು ತಿಳಿದಿದ್ದೇನೆ.

ಮೂರನೆಯದು ನೋಡತಕ್ಕ ಜಾಗಗಳು. ಬಾವಡಿಗೆ ಹೋಗುವ ದಾರಿ ಹೇಳಿದೆ. ದರ್ಗಾದ ಪಕ್ಕದ ಓಣಿ, ಓಣಿಯ ಕೊನೆಗೆ ಹಿಟ್ಟಿನ ಗಿರಣಿ, ಅದರಾಚೆ ಬೇವಿನ ಗಿಡ. ಹೇಳುತ್ತ ಹೇಳುತ್ತ ನನಗೆ ಒಂದು ಸಂಗತಿ ಗಮನಕ್ಕೆ ಬಂತು. ಮಾತು ನನಗಿಂತ ಸ್ವಲ್ಪ ಮುಂದೆ ಹೋಗುತ್ತಿತ್ತು. ಗಿರಣಿಯ ಗೋಡೆಗೆ ಹಚ್ಚಿದ ನೀಲಿ ಬಣ್ಣ, ಗಿಡಕ್ಕೆ ಕಟ್ಟಿದ ಹರಿದ ಸೈಕಲ್ ಟ್ಯೂಬು, ಮೇಲಿನ ಮೆಟ್ಟಿಲಿನ ಮೇಲೆ ಹಕ್ಕಿಗಳ ಹಿಕ್ಕೆ. ಇವನ್ನು ಅಪ್ಪ ಹೇಳಿರಲಿಲ್ಲ. ನನ್ನ ಕಣ್ಣಿಗೆ ಆ ಊರಿನದೇನೂ ಕಾಣುತ್ತಿರಲಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಎದುರಿಗಿದ್ದದ್ದು ಆಸ್ಪತ್ರೆಯ ಗೋಡೆ, ಸದ್ದಿಲ್ಲದೆ ಓಡುವ ಟೀವಿ. ಮಾತು ಮಾತ್ರ ಗೊತ್ತಿರುವ ಪಾಠದ ಹಾಗೆ ಬರುತ್ತಿತ್ತು. ನಿಲ್ಲಿಸಬೇಕೆಂದುಕೊಂಡೆ. ನಿಲ್ಲಿಸಲು ಹೆದರಿಕೆಯಾಯಿತು. ಬಾವಡಿಯಲ್ಲಿ ನೀರು ತಳ ಸೇರಿದೆ ಎಂದೆ. ಮೆಟ್ಟಿಲ ಮೇಲೆ ಒಂದೇ ಒಂದು ಸಣ್ಣ ಚಪ್ಪಲಿ ಬಿದ್ದಿದೆ ಎಂದೆ.

ಆಮೇಲಿನ ಮಾತು ಹೀಗಿತ್ತು: “ಕೂಸು ಕೆಳಗ ಕುಂತದ, ಏಳಾಕ ಬರವಲ್ದು.”

ಇದನ್ನು ಹೇಳಿದವರು ಯಾರು ಎಂಬುದೇ ಇಡೀ ಪ್ರಶ್ನೆ. ಕಸ್ತೂರೆವ್ವ ಹೇಳಿದಳೆಂದು ನನಗೆ ನೆನಪು. ಆ ದನಿ ನನ್ನ ಬಲಗಡೆಯಿಂದ, ಆಕೆ ಕುಳಿತ ಕಡೆಯಿಂದ ಬಂತು. ನಾನು ಮನೆಯಲ್ಲಿ ಕೂಡ ಆ ಕಡೆಯ ಕನ್ನಡ ಮಾತಾಡುವವಳಲ್ಲ. ಅಪ್ಪನ ಜೊತೆ ಮಾತ್ರ ಹಾಗೆ ಮಾತಾಡುತ್ತಿದ್ದೆ. ಆದರೆ ಆಕೆ ಕಣ್ಣು ತೆರೆದು ನನ್ನನ್ನು ನೋಡಿದ ರೀತಿ, ಮಾತಾಡಿದವರು ನೋಡುವ ರೀತಿಯಾಗಿರಲಿಲ್ಲ, ಕೇಳಿಸಿಕೊಂಡವರದಾಗಿತ್ತು. ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. ಇನ್ನೊಂದು ಕೈಯಿಂದ ಬಸವರಾಜನಿಗೆ ಫೋನು ಹಚ್ಚಿದಳು.

ಅವನು ಎತ್ತಲಿಲ್ಲ. ಮಧ್ಯಾಹ್ನದ ನಿದ್ದೆಯ ಹೊತ್ತು. ಮತ್ತೆ ಹಚ್ಚಿದಳು, ಮತ್ತೆ. ಕೊನೆಗೆ ಎತ್ತಿದಾಗ ಭಾಗ್ಯಾ ಎಲ್ಲಿ ಎಂದು ಕೇಳಿದಳು. ಇಲ್ಲೇ ಓಣಿಯಲ್ಲಿ ಆಡುತ್ತಿದ್ದಾಳೆ ಎಂದನಂತೆ. ಬಾವಡಿಗೆ ಹೋಗಿ ನೋಡು ಎಂದಳು. ಈ ಬಿಸಿಲಿನಲ್ಲಿ ಅಲ್ಲಿಗೆ ಯಾರು ಹೋಗುತ್ತಾರೆ ಎಂದು ಅವನು ರೇಗಿದ್ದು ನನಗೂ ಕೇಳಿಸಿತು. ಅಷ್ಟರಲ್ಲಿ ಬಾಗಿಲು ತೆರೆದು ನರ್ಸು ಆಕೆಯ ಗಂಡನ ಹೆಸರು ಕೂಗಿ, “ನಾತೇವಾಯಿಕ್ ಕೋಣ್ ಆಹೇ?” ಎಂದಳು. ರೋಗಿಯ ಕಡೆಯವರು ಒಳಗೆ ಬರಬೇಕು, ಒಬ್ಬರೇ, ಬೇಗ. ಕಸ್ತೂರೆವ್ವ ಒಂದು ಗಳಿಗೆ ಬಾಗಿಲಿಗೂ ಫೋನಿಗೂ ನಡುವೆ ನಿಂತಳು. ಆ ಮುಖವನ್ನು ನಾನು ಮರೆತಿಲ್ಲ. ಫೋನನ್ನು ನನ್ನ ಕೈಗೆ ತುರುಕಿ, “ನೀವ ಹೇಳ್ರಿ ಅವಗ,” ಎಂದು ಒಳಗೆ ಹೋದಳು.

ನಾನು ಏನು ಹೇಳಬೇಕಿತ್ತು? ಫೋನು ಕಿವಿಗೆ ಹಿಡಿದೆ. ಅವನು ನಡೆಯುತ್ತಿದ್ದ. ಚಪ್ಪಲಿಯ ಸಪ್ಪಳ, ಗೊಣಗು. ಆಮೇಲೆ ಗಾಳಿಯ ಸದ್ದು ಬದಲಾಯಿತು. ಮೇಲಿನ ಮೆಟ್ಟಿಲ ಹತ್ತಿರ ನಿಂತು ಮಗುವಿನ ಹೆಸರು ಕೂಗಿದ. ದನಿ ಒಳಗೆ ಹೋಗಿ ತಿರುಗಿ ಬಂತು.

“ಇಲ್ಲಿ ಯಾರೂ ಇಲ್ರಿ ವೈನಿ. ಸುಮ್ನ ಹೆದರ್ಕೋಬ್ಯಾಡ್ರಿ.” ಫೋನಿನಲ್ಲಿರುವುದು ಅತ್ತಿಗೆ ಕಸ್ತೂರೆವ್ವನೇ ಎಂದು ತಿಳಿದಿದ್ದ.

“ಇಳಿದು ನೋಡ್ರಿ,” ಎಂದೆ. “ಎಡಕ್ಕ, ಕೆಳಗಿನ ಕಮಾನಿನೊಳಗ.”

“ಅಲ್ಲಿ ಕಮಾನ ಎಲ್ಲದ? ಹ್ವಾದ ಮಳಿಗಾಲದಾಗ ಗ್ವಾಡಿ ಬಿದ್ದು ಮುಚ್ಚಿ ಹೋಗ್ಯದ.”

“ಅದರ ಹಿಂದ ಜಾಗಾ ಅದ.”

ಅವನು ಬೇರೆ ದನಿಯಲ್ಲಿ, “ಯಾರ್ರಿ ನೀವು? ನಮ್ಮೂರವರೇನು?” ಎಂದು ಕೇಳಿದ.

ಹೌದು ಎಂದೆ.

ಇಳಿಯುವ ಸದ್ದು. ಕಲ್ಲು ಜಾರಿದ ಸದ್ದು. ಬಹಳ ಹೊತ್ತು ಉಸಿರು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಬಹಳ ಹೊತ್ತು ಎನ್ನುವುದು ನನ್ನ ನೆನಪು, ನಿಜದಲ್ಲಿ ಸ್ವಲ್ಪವೇ ಇರಬಹುದು. ಇದ್ದಕ್ಕಿದ್ದಂತೆ ಅವನು ಜನರನ್ನು ಕೂಗಿ ಕರೆಯತೊಡಗಿದ. ಫೋನು ಎಲ್ಲೋ ಬಿದ್ದಿರಬೇಕು. ಓಡಿ ಬರುವ ಕಾಲುಗಳು, ಹೆಂಗಸರ ದನಿ, ಯಾರೋ ನೀರು ತರಲು ಹೇಳಿದ್ದು. ಆಮೇಲೆ ಫೋನು ಕಟ್ಟಾಯಿತು.

ಮಗು ಬದುಕಿತ್ತು. ಬಿದ್ದ ಗೋಡೆಯ ಸಂದಿಯಲ್ಲಿ ನುಸುಳಿ ಒಳಗಿನ ತಂಪಿಗೆ ಆಡಲು ಹೋಗಿದ್ದಾಳೆ. ಕಲ್ಲೊಂದು ಸರಿದು ಪಾದ ಸಿಕ್ಕಿಕೊಂಡಿದೆ. ಕೂಗಿ ಕೂಗಿ ದನಿ ಹೋಗಿ, ಬಾಯಿ ಒಣಗಿ, ಎಚ್ಚರ ತಪ್ಪುವ ಹಂತಕ್ಕೆ ಬಂದಿದ್ದಳಂತೆ. ಸಂಜೆಯವರೆಗೆ ಅಲ್ಲೇ ಇದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದು ಊರಿನ ಡಾಕ್ಟರು ಹೇಳಿದರಂತೆ. ಒಳಗೆ ಹೋಗಿದ್ದ ಕಸ್ತೂರೆವ್ವನಿಂದ ಗಂಡನಿಗೆ ರಕ್ತ ಕೊಡಲು ಒಪ್ಪಿಗೆ ಪಡೆದಿದ್ದರು. ಆಕೆ ಹೊರಗೆ ಬಂದಾಗ ನಾನು ಮಗು ಸಿಕ್ಕಿತು ಎಂದೆ. ಗಂಡನ ಆಪರೇಷನ್ನು ಕೂಡ ಸಂಜೆಗೆ ಸುಸೂತ್ರವಾಗಿ ಮುಗಿಯಿತು. ಆಕೆ ಎರಡೂ ಸುದ್ದಿಯನ್ನು ಒಂದೇ ಮುಖದಲ್ಲಿ ಕೇಳಿದಳು, ನೆಲದ ಮೇಲೆ ಕುಳಿತು ಆರಿದ ಇಡ್ಲಿ ತಿಂದಳು.

ಮುಂದಿನ ದಿನಗಳಲ್ಲಿ ನಾನು ಸುಮ್ಮನಿರಲಿಲ್ಲ. ನನ್ನ ಕಸುಬೇ ಅದು. ಮಗಳು ಬಾವಡಿಗೆ ಹೋಗುವ ಚಾಳಿ ತಾಯಿಗೆ ಗೊತ್ತಿತ್ತು, ಆತಂಕದಲ್ಲಿ ಅದೇ ಬಾಯಿಗೆ ಬಂತು ಎಂದುಕೊಂಡೆ. ಕಸ್ತೂರೆವ್ವನನ್ನೇ ಕೇಳಿದೆ. ಮಗು ಅಲ್ಲಿಗೆ ಹೋದದ್ದೇ ಇಲ್ಲ ಎಂದಳು. ಆ ಮಾತು ನೀನೇ ಹೇಳಿದ್ದಲ್ಲವೇ ಎಂದರೆ ಆಶ್ಚರ್ಯಪಟ್ಟಳು. “ನಾ ಎಲ್ಲಿ ಹೇಳಿದ್ನಿರಿ ಅಕ್ಕಾರ? ನೀವ ಹೇಳಿದ್ರಿ. ನಮ್ಮತ್ತಿ ದನಿ ಕೇಳಿದಂಗಾತು ನನಗ.” ಕಮಾನಿನ ಮಾತನ್ನು ಅಪ್ಪ ಎಂದೋ ಹೇಳಿರಬೇಕು, ಹುಡುಗರಾಗಿದ್ದಾಗ ಅಲ್ಲಿ ಅಡಗಿಕೊಳ್ಳುತ್ತಿದ್ದಿರಬೇಕು, ನನ್ನೊಳಗೆ ಎಲ್ಲೋ ಉಳಿದಿರಬೇಕು ಎಂದು ಗೋರೆಗಾಂವಿನಲ್ಲಿರುವ ಅಣ್ಣನಿಗೆ ಫೋನು ಮಾಡಿದೆ. ಅವನು ಯೋಚಿಸಿ ಹೇಳಿದ: ಗುಡಿ ನೆನಪಿದೆ, ಬುರುಜು ನೆನಪಿದೆ, ಅಪ್ಪ ಬಾವಡಿಯ ಮಾತು ಎತ್ತಿದ್ದೇ ನೆನಪಿಲ್ಲ. ಅಂದು ರಾತ್ರಿ ನಾನು ಡೈರಿ ಬರೆದಿದ್ದೆ. ಅದರಲ್ಲಿಯೂ ‘ಮಾತು ಬಂತು’ ಎಂದಿದೆಯೇ ಹೊರತು ಯಾರಿಂದ ಎಂದಿಲ್ಲ. ಪ್ರತಿ ವಿವರಣೆಯೂ ಒಂದು ತುಂಡನ್ನು ಮುಚ್ಚುತ್ತಿತ್ತು, ಇನ್ನೊಂದು ತುಂಡು ಹೊರಗೆ ಉಳಿಯುತ್ತಿತ್ತು.

ಶೇಖರಣ್ಣನಿಗೆ ಈ ತೊಂದರೆ ಇರಲಿಲ್ಲ. ಅದು ದೈವ, ಕೇಳಬೇಡಿ, ಕೈಮುಗಿದು ಸುಮ್ಮನಿರಿ ಎಂದರು. ಒಂದು ತೆಂಗಿನಕಾಯಿ ಕೂಡ ಒಡೆಸಿದರು. ಗಂಡ ಗುಣವಾಗಿ ಕಸ್ತೂರೆವ್ವ ಊರಿಗೆ ಹೊರಟಾಗ ನಾನೂ ಶೇಖರಣ್ಣನೂ ದಾದರ್ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿಸಿದೆವು. ಆಕೆ ನನ್ನ ಎರಡೂ ಕೈ ಹಿಡಿದು, ದೀಪಾವಳಿಗೆ ಊರಿಗೆ ಬರಲೇಬೇಕು, ನಮ್ಮ ಮನೆಯಲ್ಲೇ ಇಳಿಯಬೇಕು ಎಂದು ಒತ್ತಾಯಮಾಡಿದಳು. ಬರುತ್ತೇನೆ ಎಂದೆ. ನಾನು ಆ ಊರನ್ನು ನೋಡೇ ಇಲ್ಲ ಎಂಬುದನ್ನೂ ಅಲ್ಲೇ ಹೇಳಿಬಿಟ್ಟೆ. ಆಕೆ ನಗುತ್ತಿದ್ದವಳು ನಿಲ್ಲಿಸಿದಳು. ನನ್ನ ಕೈ ಬಿಟ್ಟು ಕಿಟಕಿಯ ಕಡೆ ಸರಿದು ಕುಳಿತಳು.

ದೀಪಾವಳಿ ರಜೆಗೆ ಮೊದಲು ಹೊರಡುವ ದಿನ ತಿಳಿಸಲು ಫೋನು ಮಾಡಿದೆ. ಎತ್ತಿದ್ದು ಭಾಗ್ಯಾ. ಮೊದಲ ಸಲ ಆ ಮಗುವಿನ ದನಿ ಕೇಳುತ್ತಿದ್ದೆ. “ಭಾಗ್ಯಾ ಏನವ್ವಾ? ಕಾಲು ನೆಟ್ಟಗಾತೇನು?” ಎಂದೆ. ಆ ಕಡೆ ಉಸಿರು ಮಾತ್ರ ಕೇಳಿಸುತ್ತಿತ್ತು. ಮತ್ತೆ ಹೆಸರು ಹಿಡಿದು ಕರೆದೆ. ಮಗು ಅತ್ತ ತಿರುಗಿ ತಾಯಿಯನ್ನು ಕೂಗಿದ್ದು ಕೇಳಿಸಿತು: “ಯವ್ವಾ, ಬಾವಡ್ಯಾಗ ಕುಂತಾಕಿ ಮಾತಾಡಾಕತ್ತಾಳ.”

ಕಸ್ತೂರೆವ್ವ ಬಂದು ಫೋನು ತೆಗೆದುಕೊಂಡಳು. ಆಕೆಯನ್ನು ಒತ್ತಾಯಿಸಿ ಕೇಳಿದ ಮೇಲೆ ಹೇಳಿದಳು. ಕಾಲು ಸಿಕ್ಕಿಕೊಂಡು ಕುಳಿತಿದ್ದಾಗ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕುಳಿತಿದ್ದಳೆಂದು ಮಗು ಮೊದಲಿನಿಂದಲೂ ಹೇಳುತ್ತಿದೆಯಂತೆ. ಮುಖ ಕಾಣಲಿಲ್ಲ. ಗಾಳಿ, ಬಿಸಿಲು, ಸರದಾರ, ಕುದುರೆ ಎಂದು ಊರಿನ ಸುದ್ದಿ ಹೇಳುತ್ತಲೇ ಇದ್ದಳಂತೆ. ಅದಕ್ಕೇ ನಿದ್ದೆ ಬರಲಿಲ್ಲವಂತೆ. ಬಾಯಾರಿಕೆಗೆ ತಲೆ ಕೆಟ್ಟು ಮಗುವಿಗೆ ಹಾಗೆ ಅನ್ನಿಸಿರಬೇಕು ಎಂದೆ. ಊರಿಗೆ ಹೋದ ಮೇಲೆ ನೀನೇ ಆಸ್ಪತ್ರೆಯ ಕತೆ ಹೇಳಿರುತ್ತೀಯ, ಮಗು ಅದನ್ನು ಸೇರಿಸಿಕೊಂಡಿದೆ ಎಂದೆ. ಇರಬಹುದು ಎಂದಳು. ಆಮೇಲೆ ಅಳುತ್ತ ಹೇಳಿದಳು:

“ನಿಮ್ಮ ಉಪಕಾರ ಈ ಜನ್ಮದಾಗ ತೀರೂದಲ್ರಿ ಅಕ್ಕಾರ. ಆದರ ನೀವು ನಮ್ಮೂರಿಗೆ ಬರಬ್ಯಾಡ್ರಿ. ನನಗ ಅಂಜಿಕಿ ಆಗ್ತದ.”

ನಾನು ಹೋಗಲಿಲ್ಲ. ಬೇಸರವಾಯಿತೆಂದರೆ ಸುಳ್ಳಾಗುತ್ತದೆ. ಹೋಗದಿರಲು ಕಾರಣ ಸಿಕ್ಕಿತೆಂದು ಒಳಗೆ ಹಗುರವಾಯಿತು.

ಆ ಮಧ್ಯಾಹ್ನ ನಾನು ಪರೇಲಿನ ಆ ಹಾಲಿನಲ್ಲಿ ಕುರ್ಚಿಯ ಮೇಲೆ ಇದ್ದೆ ಎಂಬುದೊಂದಾದರೂ ಖಚಿತ ಎಂದುಕೊಂಡಿದ್ದೆ. ಇದನ್ನು ಬರೆಯಲು ಕುಳಿತಾಗ ಅದಕ್ಕೂ ಒಬ್ಬ ಸಾಕ್ಷಿ ಇರಲೆಂದು ಶೇಖರಣ್ಣನನ್ನು ಕೇಳಿದೆ. ಅವರು ಚಹಾ ತಂದಿದ್ದರಂತೆ. ಕಸ್ತೂರೆವ್ವ ನೆಟ್ಟಗೆ ಕುಳಿತು ನನ್ನನ್ನೇ ನೋಡುತ್ತಿದ್ದಳಂತೆ. ಕಣ್ಣು ಮುಚ್ಚಿಕೊಂಡು ಮಾತಾಡುತ್ತಿದ್ದದ್ದು ನಾನಂತೆ. ಕರೆದರೂ ಓಗೊಡಲಿಲ್ಲವಂತೆ, ಅದಕ್ಕೆ ಲೋಟ ಪಕ್ಕದಲ್ಲಿಟ್ಟು ಹೋದರಂತೆ.

ಕಣ್ಣು ಮುಚ್ಚಿದ್ದವಳು ಆಕೆ, ನಾನಲ್ಲ ಎಂದೆ. ನನ್ನ ಎದುರಿಗೆ ಗೋಡೆಯಿತ್ತು, ಟೀವಿಯಿತ್ತು ಎಂದೆ. ಶೇಖರಣ್ಣ ವಾದಕ್ಕೆ ನಿಲ್ಲಲಿಲ್ಲ. “ಇರ್ಬಹುದು ಟೀಚರೇ,” ಎಂದು ಗಿರಾಕಿಗಳ ಕಡೆ ಹೋದರು.